ಹೀಟರ್ ಆಮೇಲೆ, ಮೊದಲು ಸಂದು ಮುಚ್ಚಿ

ಕೇಳುಗರಿಗೆ ನಮಸ್ಕಾರ. ಹಿತ್ತಲಲ್ಲೋ ತಾರಸಿಯ ಮೇಲೋ ಪುಟ್ಟ ಪಾಲಿಹೌಸ್, ಅಂದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಗಿಡದ ಮನೆ, ಕಟ್ಟಿಕೊಂಡು ಆಂಥೂರಿಯಂ, ಆರ್ಕಿಡ್, ದಪ್ಪ ಮೆಣಸಿನಕಾಯಿ ಬೆಳೆಸುವವರ ಜತೆ ಇವತ್ತು ನನ್ನ ಮಾತು. ಚಳಿ ಶುರುವಾದರೆ ಸಾಕು, ಎಲ್ಲರೂ ಕೇಳುವುದು ಒಂದೇ. ಯಾವ ಹೀಟರ್ ತರಲಿ? ಯಾವುದೂ ಬೇಡ. ಮೊದಲು ಸಂದು ಮುಚ್ಚಿ. ಇದನ್ನೇ ಇನ್ನೂ ನಾಲ್ಕಾರು ಸಲ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ಹಗಲಿನ ಬಿಸಿಲಿಗೆ ಒಳಗಿನ ಮಣ್ಣು, ಕುಂಡ, ಗಾಳಿ ಎಲ್ಲ ಕಾದಿರುತ್ತದೆ. ಅದೇ ನಿಮ್ಮ ಪುಕ್ಕಟೆ ಹೀಟರ್. ಸಂಜೆ ನಾಲ್ಕು, ನಾಲ್ಕೂವರೆಗೆ, ಇನ್ನೂ ಬಿಸಿಲಿರುವಾಗಲೇ ಪಕ್ಕದ ಪರದೆ ಇಳಿಸಿ. ಕತ್ತಲಾದ ಮೇಲೆ ಇಳಿಸಿದರೆ ಒಳಗೆ ಕೂಡಿಹಾಕುವುದು ಚಳಿಯನ್ನೇ ಅಲ್ವಾ?

ಚಿಕ್ಕಮಗಳೂರಿನ ಕಡೆ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಡಿಸೆಂಬರ್‌ನಲ್ಲಿ ಅವರ ಆಂಥೂರಿಯಂ ಎಲೆಗಳೆಲ್ಲ ಹಳದಿ. ರಾತ್ರಿಯಿಡೀ ರೂಮ್ ಹೀಟರ್ ಉರಿಯುತ್ತಿತ್ತು, ಕರೆಂಟ್ ಬಿಲ್ ಏರುತ್ತಿತ್ತು, ಗಿಡ ಮಾತ್ರ ಚೇತರಿಸಿಕೊಳ್ಳಲಿಲ್ಲ. ಇನ್ನೊಂದು ಹೀಟರ್ ತರೋಣವೇ ಅಂತ ನನ್ನನ್ನು ಕರೆಸಿದರು. ನಾನು ಹೋದವನೇ ಒಂದು ಊದುಬತ್ತಿ ಕೇಳಿದೆ. ಅವರ ಮನೆಯವರಿಗೆ ನಗು. “ಇವರು ಗಿಡ ನೋಡೋಕೆ ಬಂದ್ರೋ, ಪೂಜೆ ಮಾಡೋಕೋ?”

ಊದುಬತ್ತಿ ಹಚ್ಚಿ ಪರದೆಯ ಅಂಚಿನಗುಂಟ ಮೆಲ್ಲಗೆ ನಡೆದೆ. ಹೊಗೆ ನೆಟ್ಟಗೆ ಮೇಲೇಳುತ್ತಿತ್ತು. ಬಾಗಿಲ ಬುಡಕ್ಕೆ ಬಂದಾಗ ತಟ್ಟನೆ ಅಡ್ಡಕ್ಕೆ ಮಲಗಿತು. ಅಲ್ಲಿ ಎರಡು ಬೆರಳು ತೂರುವಷ್ಟು ಸಂದು! ಮೂಲೆಯಲ್ಲಿ ಹಾಳೆ ಕ್ಲಿಪ್ಪಿನಿಂದ ಜಾರಿತ್ತು. ಪರದೆಯ ಕೆಳಗಂಚು ನೆಲ ಮುಟ್ಟದೆ ತೂಗಾಡುತ್ತಿತ್ತು. ಕಂಬಳಿ ಹೊದ್ದು ಕಾಲು ಹೊರಗಿಟ್ಟ ಹಾಗೆ! ಮೇಷ್ಟ್ರು ಮರಳು ತುಂಬಿದ ಚೀಲಗಳನ್ನು ಪರದೆಯ ಬುಡಕ್ಕೆ ಒತ್ತಿ ಇಟ್ಟರು, ಬಾಗಿಲ ಕೆಳಗೆ ಹಳೇ ಸೈಕಲ್ ಟ್ಯೂಬ್ ಸೀಳಿ ಮೊಳೆ ಹೊಡೆದರು. ಹೀಟರ್ ಅಟ್ಟ ಸೇರಿತು. ಹೊಸ ಎಲೆಗಳು ಹಸಿರಾಗಿಯೇ ಬಂದವು. ಈಗ ಮೇಷ್ಟ್ರೇ ಊದುಬತ್ತಿ ಹಿಡಿದು ನೆಂಟರ ಮನೆಗೆ ಹೋಗುತ್ತಾರಂತೆ.

ಸಂದು ಮುಚ್ಚಿದ ಮೇಲೂ ಚಳಿಯೇ? ಆಗ ಒಳಗೆ ಇನ್ನೊಂದು ತೆಳು ಹಾಳೆ ಕಟ್ಟಿ. ಎರಡು ಹಾಳೆ ಒಂದಕ್ಕೊಂದು ಅಂಟಬಾರದು. ನಡುವಿನ ಗಾಳಿಯೇ ಚಳಿ ತಡೆಯುವುದು, ಪ್ಲಾಸ್ಟಿಕ್ ಅಲ್ಲ. ಕಪ್ಪು ಡ್ರಮ್ಮಿನಲ್ಲಿ ನೀರು ತುಂಬಿ ಬಿಸಿಲು ಬೀಳುವ ಕಡೆ ಇಡಿ. ಹಗಲು ಕಾದ ನೀರು ರಾತ್ರಿ ಶಾಖ ಬಿಡುತ್ತದೆ. ಇದ್ದಿಲ ಒಲೆಯನ್ನು ಮಾತ್ರ ಒಳಗೆ ಇಡಲೇಬೇಡಿ. ಮುಚ್ಚಿದ ಜಾಗದಲ್ಲಿ ಅದರ ಹೊಗೆ ಜೀವಕ್ಕೇ ಅಪಾಯ.

ಓಹ್, ಸಮಯ ಓಡುತ್ತಿದೆ. ಬೇಸಿಗೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಆಗ ಎಲ್ಲ ತಿರುಗುಮುರುಗು. ಮರಳಿನ ಚೀಲ ತೆಗೆಯಿರಿ, ಪರದೆ ಎತ್ತಿ, ಮೇಲಿನ ಕಿಂಡಿ ತೆರೆಯಿರಿ. ಬಿಸಿ ಗಾಳಿ ಮೇಲೇರುತ್ತದೆ, ಅದಕ್ಕೆ ದಾರಿ ಬೇಕು. 35 ಡಿಗ್ರಿ ದಾಟಿದರೆ ದಪ್ಪ ಮೆಣಸಿನ ಹೂವು ಉದುರುತ್ತದೆ. ಅರ್ಧ ಬಿಸಿಲು ತಡೆಯುವ ನೆರಳು ಬಲೆ, ಅಂದರೆ 50 ಪರ್ಸೆಂಟ್ ಶೇಡ್ ನೆಟ್ ಹಾಕುವವರು ಹಾಳೆಯ ಮೇಲೆ, ಹೊರಗಡೆ, ಒಂದಡಿ ಎತ್ತರದಲ್ಲಿ ಕಟ್ಟಿ. ಸುಮಾರು ಜನ ಒಳಗೆ ಕಟ್ಟುತ್ತಾರೆ. ಬಿಸಿಲು ಒಳಗೆ ಬಂದ ಮೇಲೆ ತಡೆದು ಏನುಪಯೋಗ?

ಮಳೆಗಾಲದಲ್ಲಿ ಚಳಿಗಿಂತ ತೇವದ್ದೇ ಕಾಟ. ಹಾಳೆಯಿಂದ ಹನಿ ಎಲೆಗೆ ಬಿದ್ದರೆ ಬೂಷ್ಟು ಗ್ಯಾರಂಟಿ. ಮಳೆ ಬಿಟ್ಟ ಕೂಡಲೇ ಪರದೆ ಎತ್ತಿ ಗಾಳಿ ಆಡಿಸಿ. ಮಳೆಗಾಲ ಮುಗಿದಾಗ ಹಾಳೆಯ ಮೇಲಿನ ಪಾಚಿಯನ್ನು ಮೆತ್ತನೆ ಬಟ್ಟೆಯಿಂದ ತೊಳೆಯಿರಿ. ಗಟ್ಟಿ ಬ್ರಷ್ ಬೇಡ, ಗೀರು ಬಿದ್ದರೆ ಬೆಳಕು ಕಡಿಮೆಯಾಗುತ್ತದೆ. ಹೇಗೂ ಹಾಳೆ ತೊಳೆಯುತ್ತಿರುತ್ತೀರಿ, ಅವತ್ತೇ ಸಂಜೆ ಊದುಬತ್ತಿ ಹಚ್ಚಿ ಒಂದು ಸುತ್ತು ಬಂದುಬಿಡಿ. ನಮಸ್ಕಾರ.