ಕುಸಿದ ಬೆಟ್ಟದ ಊರು: ರೋಕ್‌ಫೋರ್

ಕೇಳುಗರಿಗೆ ನಮಸ್ಕಾರ. ಫ್ರಾನ್ಸಿನ ದಕ್ಷಿಣದಲ್ಲಿ, ಅವೆರೋಂ ಪ್ರಾಂತ್ಯದಲ್ಲಿ, ರೋಕ್‌ಫೋರ್ ಎಂಬ ಹಳ್ಳಿ ಇದೆ. ಜನಸಂಖ್ಯೆ ಸಾವಿರವನ್ನೂ ಮುಟ್ಟುವುದಿಲ್ಲ. ಹಿಂದೆ ನೆಟ್ಟಗೆ ನಿಂತ ಬಂಡೆ, ಮುಂದೆ ಕಡಿದಾದ ಇಳಿಜಾರು. ಎರಡರ ನಡುವೆ ಸಿಕ್ಕಷ್ಟು ಜಾಗದಲ್ಲಿ ಮನೆಗಳು ಅಂಟಿಕೊಂಡಿವೆ. ಉಳುಮೆ ನೆಚ್ಚಿ ಯಾರೂ ಇಲ್ಲಿ ನೆಲೆಸುವ ಹಾಗಿಲ್ಲ. ಈ ಊರಿಗೆ ಅನ್ನ ಕೊಟ್ಟದ್ದು ಒಂದು ಭೂಕುಸಿತ.

ಊರ ಹಿಂದಿನ ಬೆಟ್ಟದ ಹೆಸರು ಕೊಂಬಾಲು. ಮೇಲೆ ಸುಣ್ಣಕಲ್ಲು, ಕೆಳಗೆ ಜೇಡಿ ಪದರ. ಬಹಳ ಹಿಂದೆ ನೀರು ಕುಡಿದ ಜೇಡಿ ಜಾರಿತು, ಅದರ ಮೇಲಿದ್ದ ಬಂಡೆ ಒಡೆದು ಉತ್ತರದ ಕಡೆಗೆ ಉರುಳಿತು. ಸುಮಾರು 2 ಕಿಲೋಮೀಟರ್ ಉದ್ದಕ್ಕೆ ಬಂಡೆಗಳ ರಾಶಿ ಬಿತ್ತು. ಅದರೊಳಗೆ ಬಿರುಕುಗಳು, ಪೊಳ್ಳುಗಳು ಉಳಿದವು. ಗಾಳಿಯಾಡುವ ಆ ಬಿರುಕುಗಳನ್ನು ಅಲ್ಲಿಯವರು ಫ್ಲೂರಿನ್ ಎನ್ನುತ್ತಾರೆ. ಬೇಸಿಗೆಯಲ್ಲಿ ಒಳಗಿನ ತಂಪು ಗಾಳಿ ಭಾರವಾಗಿ ಕೆಳಗಿನಿಂದ ಹೊರಬೀಳುತ್ತದೆ, ಚಳಿಗಾಲದಲ್ಲಿ ಹರಿವು ತಿರುವುಮುರುವು. ಬಿಸಿಲು ಕಾಣದ ಉತ್ತರದ ಮಗ್ಗುಲು ಬೇರೆ. ಹಾಗಾಗಿ ಈ ರಾಶಿಯೊಳಗೆ ಚೀಸ್ ಇಡಲು ಮಾಡಿಕೊಂಡ ನೆಲಮಾಳಿಗೆಗಳಲ್ಲಿ ವರ್ಷವಿಡೀ ಸುಮಾರು 8ರಿಂದ 12 ಡಿಗ್ರಿ ಉಷ್ಣಾಂಶ, 95 ಶೇಕಡಾ ಆಸುಪಾಸಿನ ತೇವ. ಕೆಲಸಗಾರರು ಫ್ಲೂರಿನ್‌ಗಳ ಬಾಗಿಲು ತೆರೆದು, ಮುಚ್ಚಿ ಇದನ್ನು ಹದದಲ್ಲಿಡುತ್ತಾರೆ.

ಇಲ್ಲಿ ಹಣ್ಣಾಗುವುದು ಊರ ಹೆಸರನ್ನೇ ಹೊತ್ತ ರೋಕ್‌ಫೋರ್ ಎಂಬ ಕುರಿಹಾಲಿನ ಚೀಸ್. ಹಾಲು ಲಕೋನ್ ತಳಿಯದೇ ಆಗಿರಬೇಕು; ಕಾಯಿಸುವಂತಿಲ್ಲ, ಕೆನೆ ತೆಗೆಯುವಂತಿಲ್ಲ. 28ರಿಂದ 34 ಡಿಗ್ರಿಯಲ್ಲಿ ಹೆಪ್ಪು ಹಾಕುತ್ತಾರೆ. ಪೆನಿಸಿಲಿಯಮ್ ರೋಕ್‌ಫೋರ್ಟಿ ಎಂಬ ಬೂಸನ್ನು ಹಾಲಿಗೋ ಹೆಪ್ಪುಗಟ್ಟಿದ ಗಡ್ಡೆಗೋ ಬೆರೆಸುತ್ತಾರೆ. ಹಿಂದೆ ಅದನ್ನು ರೈ ಎಂಬ ಧಾನ್ಯದ ಬ್ರೆಡ್ಡಿನ ಮೇಲೆ ಬೆಳೆಸುತ್ತಿದ್ದರು. ಆಮೇಲೆ ಒಣ ಉಪ್ಪು ಸವರಿ, ಉದ್ದನೆಯ ಸೂಜಿಗಳಿಂದ ಚೀಸಿನ ಮುದ್ದೆಯನ್ನು ಚುಚ್ಚುತ್ತಾರೆ. ಚುಚ್ಚುವುದು ಮರೆತರೆ ಕೆಲಸ ಕೆಟ್ಟಂತೆ: ಬೂಸಿಗೆ ಆಮ್ಲಜನಕ ಬೇಕು, ರಂಧ್ರವಿಲ್ಲದಿದ್ದರೆ ಒಳಗೆ ನೀಲಿ ಗೆರೆ ಮೂಡುವುದೇ ಇಲ್ಲ. ಕನಿಷ್ಠ 14 ದಿನ ಬರಿಮೈಯಲ್ಲಿ ಗುಹೆಯ ಗಾಳಿಗೆ ಬಿಟ್ಟು, ಬಳಿಕ ಲೋಹದ ಹಾಳೆ ಸುತ್ತಿ ಇನ್ನೂ ತಣ್ಣಗಿನ ಕಡೆ ಇಡುತ್ತಾರೆ. ಸುತ್ತುವುದು ತಡವಾದರೆ ಬೂಸು ಕೊಬ್ಬನ್ನು ಅತಿಯಾಗಿ ಒಡೆಯುತ್ತದೆ, ರುಚಿ ಕೆಡುತ್ತದೆ. ತಯಾರಾದ ದಿನದಿಂದ 90 ದಿನ ತುಂಬದೆ ಮಾರುವ ಹಾಗಿಲ್ಲ.

ಇನ್ನು ಕಾನೂನಿನ ಕತೆ. 1411ರಲ್ಲಿ ದೊರೆ ಆರನೆಯ ಚಾರ್ಲ್ಸ್, ಈ ಚೀಸನ್ನು ಹಣ್ಣುಮಾಡುವ ಹಕ್ಕನ್ನು ಊರವರಿಗೇ ಕೊಟ್ಟ. 1666ರಲ್ಲಿ ತುಲೂಸ್ ನ್ಯಾಯಸಭೆ ನಕಲಿ ಮಾರುವವರಿಗೆ ದಂಡ ಗೊತ್ತುಮಾಡಿತು. 1925ರಲ್ಲಿ ಹೆಸರಿನ ರಕ್ಷಣೆಗೆಂದೇ ಫ್ರಾನ್ಸ್ ಕಾಯಿದೆ ಮಾಡಿತು. ನನಗೆ ಇವೆಲ್ಲಕ್ಕಿಂತ ತೂಕದ್ದೆನಿಸುವುದು 1961ರಲ್ಲಿ ಹತ್ತಿರದ ಮಿಯೋ ಪಟ್ಟಣದ ನ್ಯಾಯಾಲಯ ಕೊಟ್ಟ ತೀರ್ಪು: ಹಣ್ಣಾಗುವುದು ಕೊಂಬಾಲುವಿನ ಕುಸಿದ ರಾಶಿಯೊಳಗಿನ ಗುಹೆಗಳಲ್ಲೇ ಆಗಬೇಕು. ಪಕ್ಕದ ಬೆಟ್ಟದಲ್ಲಿ ಗುಹೆ ಎಷ್ಟೇ ತಂಪಿದ್ದರೂ ಆ ಹೆಸರು ಸಿಗದು. ಹಾಲು ಮಾತ್ರ ಸುತ್ತಲಿನ ವಿಶಾಲ ಸೀಮೆಯಿಂದ, ಲಾರ್ಜಾಕ್ ಪ್ರಸ್ಥಭೂಮಿಯ ಒಣ ಹುಲ್ಲುಗಾವಲಿನಿಂದಲೂ, ಬರುತ್ತದೆ. 1999ರಲ್ಲಿ ಅಮೆರಿಕ ಈ ಚೀಸಿನ ಮೇಲೆ 100 ಶೇಕಡಾ ಸುಂಕ ಹೇರಿದಾಗ ರೊಚ್ಚಿಗೆದ್ದವರಲ್ಲಿ ಅಲ್ಲಿನ ಕುರಿಗಾರರೇ ಮುಂದಿದ್ದರು. ಮಿಯೋದಲ್ಲಿ ಕಟ್ಟುತ್ತಿದ್ದ, ಅಮೆರಿಕದ ಮೆಕ್‌ಡೊನಾಲ್ಡ್ಸ್ ಹೋಟೆಲಿನ ಕಟ್ಟಡವನ್ನೇ ಕಳಚಿ ಹಾಕಿದರು.

ನೋಡಹೋಗುವವರು ಮಿಯೋ ಪಟ್ಟಣದಿಂದ ರಸ್ತೆ ಹಿಡಿಯಬಹುದು. ಕೆಲವು ಗುಹೆಗಳನ್ನು ಸಂದರ್ಶಕರಿಗೆ ತೋರಿಸುತ್ತಾರೆ. ಆಗಸ್ಟ್ ತಿಂಗಳಾದರೂ ಸ್ವೆಟರ್ ಬೇಕು. ಮುದ್ದೆಗಳಿಂದ ತುಂಬಿದ ಮಾಳಿಗೆ ನೋಡಬೇಕೆಂದರೆ ವಸಂತದಲ್ಲಿ ಹೋಗಿ. ಬೇಸಿಗೆ ಕಳೆಯುತ್ತಲೇ ಕುರಿಗಳ ಹಾಲು ಬತ್ತಿ, ಹಲಗೆಗಳು ಒಂದೊಂದಾಗಿ ಖಾಲಿಯಾಗುತ್ತವೆ.