ಸೂತ್ರ ಎಲ್ಲಿ ಕೂರುತ್ತದೆ ಎಂದು ಕೇಳಿ

ಕೇಳುಗರಿಗೆ ನಮಸ್ಕಾರ.

ಸಂಸ್ಥೆಗೆ ವರದಿ ತಂತ್ರಾಂಶ, ಅಂದರೆ ದತ್ತಾಂಶದಿಂದ ಪಟ್ಟಿ, ಚಿತ್ರ ಮಾಡಿಕೊಡುವ ತಂತ್ರಾಂಶ, ಕೊಳ್ಳುವ ಸಮಿತಿಯಲ್ಲಿ ಕುಳಿತಿರುವವರು ನೀವು ಎಂದು ಭಾವಿಸಿಕೊಂಡು ಮಾತನಾಡುತ್ತೇನೆ. ನಿಮ್ಮ ಮೇಜಿನ ಮೇಲೆ ಈಗಾಗಲೇ ಐದಾರು ಕಂಪನಿಗಳ ಪ್ರಸ್ತಾವಗಳಿವೆ. ಮೈಕ್ರೋಸಾಫ್ಟ್‌ನ ಪವರ್ ಬಿಐ, ಟ್ಯಾಬ್ಲೋ, ಕ್ಲಿಕ್ ಸೆನ್ಸ್, ಗೂಗಲ್‌ನ ಲುಕರ್, ಹಳಬರಾದ ಕಾಗ್ನೋಸ್ ಮತ್ತು ಬಿಸಿನೆಸ್ ಆಬ್ಜೆಕ್ಟ್ಸ್. ಪ್ರತಿಯೊಬ್ಬರೂ ಬಂದು ಪರದೆಯ ಮೇಲೆ ಬಣ್ಣಬಣ್ಣದ ಡ್ಯಾಶ್‌ಬೋರ್ಡ್ ತೋರಿಸಿ ಹೋಗಿದ್ದಾರೆ. ಎಲ್ಲವೂ ಚೆನ್ನಾಗಿಯೇ ಕಂಡಿವೆ. ಯಾವುದನ್ನು ಆರಿಸುವುದೆಂದು ತಿಳಿಯದೆ ಸಮಿತಿ ಮತ್ತೆ ಮತ್ತೆ ಸಭೆ ಸೇರುತ್ತಿದೆ.

ನನ್ನ ಸಲಹೆ ಒಂದೇ. ಬಂದವರನ್ನೆಲ್ಲ ಒಂದೇ ಪ್ರಶ್ನೆ ಕೇಳಿ: ಲೆಕ್ಕದ ಸೂತ್ರ ಎಲ್ಲಿ ಕೂರುತ್ತದೆ? ಎಷ್ಟು ಬಗೆಯ ಚಿತ್ರ ಬರುತ್ತದೆ ಎಂದು ಕೇಳಬೇಡಿ. ಮೊಬೈಲಿನಲ್ಲಿ ಹೇಗೆ ಕಾಣುತ್ತದೆ ಎಂದು ಕೇಳಬೇಡಿ, ಅದು ಎಲ್ಲರಲ್ಲೂ ಕಾಣುತ್ತದೆ. ಸೂತ್ರ ಎಲ್ಲಿ ಕೂರುತ್ತದೆ ಎಂದು ಕೇಳಿ. ಈ ಮಾತು ಮುಗಿಯುವಷ್ಟರಲ್ಲಿ ಇದೇ ಪ್ರಶ್ನೆಯನ್ನು ಹಲವು ಸಲ ಹೇಳುತ್ತೇನೆ. ದಯವಿಟ್ಟು ಬೇಸರಿಸಬೇಡಿ.

ಸೂತ್ರ ಎಂದರೆ ಏನು ಎಂಬುದಕ್ಕೆ ನಾನು ಕಂಡ ಒಂದು ಸಭೆಯ ಕಥೆಯನ್ನೇ ಹೇಳುತ್ತೇನೆ.

ನೀರಿನ ಪಂಪು ತಯಾರಿಸುವ ಒಂದು ಸಂಸ್ಥೆ. ಹೆಸರು ಬೇಡ. ಹಲವು ಊರುಗಳಲ್ಲಿ ಗೋದಾಮುಗಳು, ನೂರಾರು ವಿತರಕರು. ವರದಿ ತಂತ್ರಾಂಶ ಆರಿಸಿಕೊಡಿ ಎಂದು ನನ್ನನ್ನು ಸಲಹೆಗೆ ಕರೆದಿದ್ದರು. ಮೊದಲ ಸಭೆಯಲ್ಲೇ ವ್ಯವಸ್ಥಾಪಕ ನಿರ್ದೇಶಕರು ತೀರಾ ಸಾದಾ ಪ್ರಶ್ನೆಯೊಂದನ್ನು ಮುಂದಿಟ್ಟರು: "ಹೋದ ತಿಂಗಳು ಎಷ್ಟು ಪಂಪು ಮಾರಿದೆವು?" ಮಾರಾಟ ವಿಭಾಗದ ಮುಖ್ಯಸ್ಥರು ಒಂದು ಸಂಖ್ಯೆ ಹೇಳಿದರು. ಗೋದಾಮಿನ ಮುಖ್ಯಸ್ಥರು ತಲೆಯಾಡಿಸಿ ಅದಕ್ಕಿಂತ ಕಡಿಮೆ ಸಂಖ್ಯೆ ಹೇಳಿದರು. ಲೆಕ್ಕಪತ್ರ ವಿಭಾಗದವರದು ಇನ್ನೂ ಕಡಿಮೆ. ಮೂವರ ಕೈಯಲ್ಲೂ ಅಚ್ಚಾದ ವರದಿ ಇತ್ತು. ಮೂರೂ ಕಂಪ್ಯೂಟರಿನಿಂದಲೇ ಬಂದ ವರದಿಗಳು. ನಿರ್ದೇಶಕರು ನನ್ನ ಕಡೆ ತಿರುಗಿ, "ನೋಡಿದಿರಲ್ಲ, ಇದಕ್ಕೇ ಹೊಸ ತಂತ್ರಾಂಶ ಬೇಕು" ಎಂದರು.

ಆಗ ಮೇಜಿನ ಆ ತುದಿಯಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದ ಲೆಕ್ಕಪತ್ರ ವಿಭಾಗದ ಹಿರಿಯ ಮಹಿಳೆಯೊಬ್ಬರು ಪೆನ್ನು ಕೆಳಗಿಟ್ಟು ಕೇಳಿದರು: "ಸರ್, ವಾಪಸ್ ಬಂದ ಪಂಪನ್ನು ಯಾವ ತಿಂಗಳಲ್ಲಿ ಕಳೆಯಬೇಕು? ಮಾರಿದ ತಿಂಗಳಲ್ಲೋ, ವಾಪಸ್ ಬಂದ ತಿಂಗಳಲ್ಲೋ?"

ಯಾರ ಬಳಿಯೂ ಉತ್ತರವಿರಲಿಲ್ಲ. ಅವರು ಅಷ್ಟಕ್ಕೇ ಬಿಡಲಿಲ್ಲ. ವಾರಂಟಿಯಲ್ಲಿ ಬದಲಿಯಾಗಿ ಕಳುಹಿಸಿದ ಪಂಪು ಗೋದಾಮಿನ ಲೆಕ್ಕದಲ್ಲಿ ರವಾನೆಯಾಗಿ ಸೇರುತ್ತದೆ, ಆದರೆ ಅದಕ್ಕೆ ಬಿಲ್ ಇಲ್ಲ, ಅದು ಮಾರಾಟವೇ? ಒಂದು ಗೋದಾಮಿನಿಂದ ನಮ್ಮದೇ ಇನ್ನೊಂದು ಗೋದಾಮಿಗೆ ಹೋದ ಸರಕು ಕೂಡ ರವಾನೆಯ ಪಟ್ಟಿಯಲ್ಲಿದೆ, ಅದು ಮಾರಾಟವೇ? ತಿಂಗಳ ಕೊನೆಯ ರಾತ್ರಿ ಲಾರಿ ಹೊರಟಿತು, ಬಿಲ್ಲಿನ ಮೇಲೆ ಮರುದಿನದ ತಾರೀಖು ಬಿತ್ತು. ಅದು ಯಾವ ತಿಂಗಳಿನದು? ಮಾರಾಟ ವಿಭಾಗ ಆರ್ಡರುಗಳನ್ನು ಎಣಿಸುತ್ತಿತ್ತು, ಗೋದಾಮು ಬಾಗಿಲು ದಾಟಿದ ಪೆಟ್ಟಿಗೆಗಳನ್ನು ಎಣಿಸುತ್ತಿತ್ತು, ಲೆಕ್ಕಪತ್ರ ವಿಭಾಗ ಬಿಲ್ಲುಗಳನ್ನು ಎಣಿಸಿ ವಾಪಸಾದದ್ದನ್ನು ಕಳೆಯುತ್ತಿತ್ತು. ಮೂವರೂ ಸರಿಯಾಗಿಯೇ ಎಣಿಸಿದ್ದರು. ಎಣಿಸಿದ ವಸ್ತು ಬೇರೆ ಬೇರೆಯಾಗಿತ್ತು, ಅಷ್ಟೇ.

ಕೇಳುಗರೇ, ಆ ಮಹಿಳೆ ಕೇಳಿದ್ದು ತಂತ್ರಾಂಶದ ಪ್ರಶ್ನೆಯಲ್ಲ. ಜಗತ್ತಿನ ಅತ್ಯಂತ ದುಬಾರಿ ತಂತ್ರಾಂಶ ತಂದಿದ್ದರೂ ಆ ಮೂರು ಸಂಖ್ಯೆಗಳು ಇನ್ನಷ್ಟು ಅಂದವಾದ ಮೂರು ಚಿತ್ರಗಳಾಗುತ್ತಿದ್ದವೇ ಹೊರತು ಒಂದಾಗುತ್ತಿರಲಿಲ್ಲ. ಪ್ರದರ್ಶನಗಳನ್ನು ನಿಲ್ಲಿಸಿ ಎಂದು ನಾನು ಒತ್ತಾಯಿಸಿದೆ. ಮೂರೂ ವಿಭಾಗಗಳವರು ಕೂತು, ಜಗಳವಾಡಿ, ಒಂದು ಹಾಳೆಯ ಮೇಲೆ ಬರೆದರು: ನಿವ್ವಳ ಮಾರಾಟ ಎಂದರೆ ಬಿಲ್ ಆದ ಪಂಪುಗಳು, ಬಿಲ್ಲಿನ ತಾರೀಖೇ ತಿಂಗಳನ್ನು ನಿರ್ಧರಿಸುತ್ತದೆ, ವಾಪಸಾದದ್ದನ್ನು ವಾಪಸ್ ಬಂದ ತಿಂಗಳಲ್ಲಿ ಕಳೆಯಬೇಕು, ವಾರಂಟಿ ಬದಲಿ ಸೇರುವುದಿಲ್ಲ, ಗೋದಾಮಿನಿಂದ ಗೋದಾಮಿಗೆ ಹೋದದ್ದು ಸೇರುವುದಿಲ್ಲ. ಆರ್ಡರಿಗೂ ರವಾನೆಗೂ ಬೇರೆ ಹೆಸರು, ಬೇರೆ ಸೂತ್ರ. ನಾನು ಸೂತ್ರ ಎನ್ನುವುದು ಇದನ್ನೇ. ಆ ಹಾಳೆಗೆ ನಿರ್ದೇಶಕರು ಸಹಿ ಹಾಕಿದರು. ಅದಾದ ಮೇಲೆಯೇ ಕಂಪನಿಗಳನ್ನು ಮತ್ತೆ ಕರೆದದ್ದು. ಎಲ್ಲರಿಗೂ ಅದೇ ಹಾಳೆ, ಅದೇ ದತ್ತಾಂಶ. ಒಬ್ಬಿಬ್ಬರು "ಮೊದಲು ನಮ್ಮ ಚಿತ್ರಗಳನ್ನು ನೋಡಿ" ಎಂದು ರಾಗ ತೆಗೆದರು. ಬೇಡ, ಮೊದಲು ಈ ಹಾಳೆ ಎಂದೆವು.

ಕೊನೆಗೆ ಅವರು ಯಾವುದನ್ನು ಕೊಂಡರು ಎಂದು ನೀವು ಕೇಳುತ್ತೀರಿ. ಹೇಳುವುದಿಲ್ಲ. ಹೇಳಿದರೆ ಹಾಳೆಯನ್ನು ಮರೆತು ಹೆಸರನ್ನಷ್ಟೇ ಬರೆದುಕೊಳ್ಳುತ್ತೀರಿ.

ಈಗ ತಂತ್ರಾಂಶಗಳಿಗೆ ಬರುತ್ತೇನೆ. ಎಲ್ಲಕ್ಕೂ ಅದೇ ಪ್ರಶ್ನೆ: ಸೂತ್ರ ಎಲ್ಲಿ ಕೂರುತ್ತದೆ?

ಮೊದಲು ಹಳಬರು. 1990ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಬಿಸಿನೆಸ್ ಆಬ್ಜೆಕ್ಟ್ಸ್ ಒಂದು ಅದ್ಭುತ ವಿಚಾರವನ್ನು ತಂದಿತು. ದತ್ತಸಂಚಯದ, ಅಂದರೆ ಡೇಟಾಬೇಸಿನ, ಕೋಷ್ಟಕಗಳ ಮೇಲೆ ಒಂದು ಪದರ ಕಟ್ಟಿ, ಅದನ್ನು ಯೂನಿವರ್ಸ್ ಎಂದು ಕರೆದರು. ತಾಂತ್ರಿಕ ಸಿಬ್ಬಂದಿ ಅಲ್ಲಿ ಸೂತ್ರವನ್ನು ಒಮ್ಮೆ ಬರೆಯುತ್ತಾರೆ. ವರದಿ ಮಾಡುವವರಿಗೆ ಕೋಷ್ಟಕಗಳ ಗೊಂದಲ ಕಾಣುವುದಿಲ್ಲ. ಗ್ರಾಹಕ, ತಿಂಗಳು, ನಿವ್ವಳ ಮಾರಾಟ ಎಂಬ ಹೆಸರುಗಳು ಮಾತ್ರ ಕಾಣುತ್ತವೆ. ಕೆನಡಾದ ಕಾಗ್ನೋಸ್ ಕೂಡ ಇಂಥದೇ ಮಾದರಿಯನ್ನು ಕಟ್ಟಿತು. ದೊಡ್ಡ ಕಂಪನಿಗಳಿಗೆ ಇದರ ಬೆಲೆ ತಿಳಿದಿತ್ತು. 2007 ಒಂದೇ ವರ್ಷದಲ್ಲಿ ಒರಾಕಲ್ ಹೈಪೀರಿಯನ್ ಎಂಬ ಇಂಥದೇ ಕಂಪನಿಯನ್ನು, ಎಸ್‌ಎಪಿ ಬಿಸಿನೆಸ್ ಆಬ್ಜೆಕ್ಟ್ಸ್ ಅನ್ನು, ಐಬಿಎಂ ಕಾಗ್ನೋಸ್ ಅನ್ನು ಕೊಳ್ಳುವುದಾಗಿ ಘೋಷಿಸಿದವು. ನಿಮ್ಮಲ್ಲಿ ಇವು ಈಗಾಗಲೇ ಇದ್ದು, ಸೂತ್ರಗಳು ಅಚ್ಚುಕಟ್ಟಾಗಿದ್ದರೆ, ಚಂದ ಸಾಲದು ಎಂಬ ಒಂದೇ ಕಾರಣಕ್ಕೆ ಕಿತ್ತೆಸೆಯಬೇಡಿ. ಹಾಗೆ ಕಿತ್ತೆಸೆದವರು ವರ್ಷಗಟ್ಟಲೆ ಕಟ್ಟಿದ ಸೂತ್ರಗಳನ್ನೂ ಜೊತೆಗೆ ಎಸೆಯುತ್ತಾರೆ.

ಈ ಹಳಬರ ದೋಷವೂ ನಿಜವೇ. ಒಂದು ಹೊಸ ವರದಿ ಬೇಕೆಂದರೆ ತಾಂತ್ರಿಕ ವಿಭಾಗದ ಬಾಗಿಲಲ್ಲಿ ವಾರಗಟ್ಟಲೆ ಕಾಯಬೇಕಿತ್ತು. ಆ ಬೇಸರದ ಮೇಲೆ ಬೆಳೆದದ್ದು ಟ್ಯಾಬ್ಲೋ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧನೆಯಿಂದ 2003ರಲ್ಲಿ ಹುಟ್ಟಿದ ಈ ಕಂಪನಿಯನ್ನು 2019ರಲ್ಲಿ ಸೇಲ್ಸ್‌ಫೋರ್ಸ್ ಕೊಂಡಿತು. ಮೌಸಿನಿಂದ ಎಳೆದು ಬಿಟ್ಟರೆ ಚಿತ್ರ ಮೂಡುತ್ತದೆ. ದತ್ತಾಂಶವನ್ನು ಕಣ್ಣಿನಿಂದ ಹುಡುಕಲು ಇದಕ್ಕಿಂತ ಚೆಂದದ ಸಾಧನವನ್ನು ನಾನು ನೋಡಿಲ್ಲ. ಆದರೆ ಸೂತ್ರ ಎಲ್ಲಿ ಕೂರುತ್ತದೆ? ಬಹುಪಾಲು ಸಂಸ್ಥೆಗಳಲ್ಲಿ ಅದು ಒಬ್ಬೊಬ್ಬರ ವರ್ಕ್‌ಬುಕ್ಕಿನೊಳಗೆ, ಅಂದರೆ ಅವರವರ ವರದಿ ಕಡತದೊಳಗೆ, ಕೂರುತ್ತದೆ. ಹತ್ತು ಜನ ಹತ್ತು ವರ್ಕ್‌ಬುಕ್ ಮಾಡಿದರೆ ನಿವ್ವಳ ಮಾರಾಟ ಹತ್ತು ಕಡೆ ಇರುತ್ತದೆ. ಎಲ್ಲರೂ ಹಂಚಿಕೊಳ್ಳುವ ದತ್ತಮೂಲವನ್ನು ಪ್ರಕಟಿಸಿ, ಸೂತ್ರವನ್ನು ಅಲ್ಲಿಡುವ ದಾರಿ ಟ್ಯಾಬ್ಲೋದಲ್ಲೂ ಇದೆ. ಆ ದಾರಿಯಲ್ಲಿ ನಡೆಯುವ ಶಿಸ್ತನ್ನು ನೀವೇ ತರಬೇಕು.

ಕ್ಲಿಕ್ 1993ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಹುಟ್ಟಿದ್ದು. ಇದರ ಒಂದು ಗುಣ ನನಗೆ ಬಹಳ ಇಷ್ಟ. ಒಬ್ಬ ವಿತರಕನ ಹೆಸರನ್ನು ಒತ್ತಿದರೆ ಅದು ಹಸಿರಾಗುತ್ತದೆ, ಅವನಿಗೆ ಸಂಬಂಧಿಸಿದ ಸರಕುಗಳೆಲ್ಲ ಬಿಳಿಯಾಗಿ ಉಳಿಯುತ್ತವೆ, ಸಂಬಂಧವಿಲ್ಲದವು ಬೂದು ಬಣ್ಣಕ್ಕೆ ತಿರುಗುತ್ತವೆ. ಆ ಬೂದು ಬಣ್ಣವನ್ನು ಗಮನಿಸಿ. ಆ ವಿತರಕ ಏನನ್ನು ಕೊಳ್ಳಲಿಲ್ಲ ಎಂಬುದು ಯಾರೂ ಕೇಳದೆಯೇ ಕಣ್ಣಿಗೆ ಬೀಳುತ್ತದೆ. ಬೇರೆ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ಈ ಪ್ರಶ್ನೆಗೆ ಪ್ರತ್ಯೇಕ ವರದಿಯನ್ನೇ ಬರೆಯಬೇಕಾಗುತ್ತದೆ. ಕ್ಲಿಕ್‌ನಲ್ಲಿ ಸೂತ್ರದ ಒಂದು ಭಾಗ ದತ್ತಾಂಶ ತುಂಬುವ ಸ್ಕ್ರಿಪ್ಟಿನಲ್ಲಿ, ಉಳಿದದ್ದು ಆಯಾ ಆ್ಯಪ್‌ನಲ್ಲಿ, ಅಂದರೆ ಒಂದೊಂದು ವರದಿ ಕಟ್ಟಿನಲ್ಲಿ. ಆ್ಯಪ್‌ಗಳು ಹೆಚ್ಚಾದಂತೆ ಕಾವಲು ಹೆಚ್ಚಬೇಕು.

2015ರ ಜುಲೈನಲ್ಲಿ ಪೂರ್ಣ ರೂಪದಲ್ಲಿ ಬಿಡುಗಡೆಯಾದ ಪವರ್ ಬಿಐ ಇಂದು ಅನೇಕ ಕಚೇರಿಗಳ ಮೊದಲ ಆಯ್ಕೆ. ಮೈಕ್ರೋಸಾಫ್ಟ್ ಈಗಾಗಲೇ ಮನೆಯಲ್ಲಿದ್ದರೆ ಅದು ಸಹಜ. ಇದರಲ್ಲಿ ಸೂತ್ರವನ್ನು ಡ್ಯಾಕ್ಸ್ ಎಂಬ ಭಾಷೆಯಲ್ಲಿ ಬರೆದು, ಸೆಮ್ಯಾಂಟಿಕ್ ಮಾಡೆಲ್ ಎಂಬ ಪದರದಲ್ಲಿ ಇಡುತ್ತಾರೆ. ಒಂದು ಮಾಡೆಲ್, ಅದರ ಮೇಲೆ ನೂರು ವರದಿ: ಹೀಗೆ ಬಳಸಿದರೆ ಇದು ಬಹಳ ಒಳ್ಳೆಯ ಆಯ್ಕೆ. ನನ್ನ ತಕರಾರು ಬಳಸುವವರ ಮೇಲೆ. ಪ್ರತಿ ವರದಿಗೂ ಹೊಸ ಮಾಡೆಲ್ ಕಟ್ಟುವುದು ತೀರಾ ಸುಲಭ, ಆದ್ದರಿಂದ ಎಲ್ಲರೂ ಅದನ್ನೇ ಮಾಡುತ್ತಾರೆ. ಮಾಡೆಲ್ ಕಟ್ಟುವ ಅಧಿಕಾರವನ್ನು ಕೆಲವರಿಗೆ ಮಾತ್ರ ಕೊಡಿ, ವರದಿ ಮಾಡುವ ಅಧಿಕಾರವನ್ನು ಎಲ್ಲರಿಗೂ ಕೊಡಿ.

ಲುಕರ್ 2012ರಲ್ಲಿ ಆರಂಭವಾಗಿ 2020ರಲ್ಲಿ ಗೂಗಲ್‌ನ ಪಾಲಾಯಿತು. ನನ್ನ ಪ್ರಶ್ನೆಗೆ ನೇರ ಉತ್ತರ ಕೊಡುವುದು ಇದೇ. ಲುಕ್‌ಎಂಎಲ್ ಎಂಬ ಭಾಷೆಯಲ್ಲಿ ಸೂತ್ರವನ್ನು ಒಂದು ಕಡೆ ಬರೆದಿಡುತ್ತಾರೆ. ಯಾರು, ಯಾವತ್ತು, ಏನನ್ನು ತಿದ್ದಿದರು ಎಂಬ ಚರಿತ್ರೆಯೂ ಉಳಿಯುತ್ತದೆ. ವರದಿ ತೆರೆದಾಗ ಅದು ನಿಮ್ಮ ದತ್ತಸಂಚಯಕ್ಕೇ ಎಸ್‌ಕ್ಯೂಎಲ್ ಎಂಬ ದತ್ತಸಂಚಯದ ಭಾಷೆಯಲ್ಲಿ ಪ್ರಶ್ನೆ ಕಳುಹಿಸಿ ಉತ್ತರ ತರುತ್ತದೆ. ಹಾಗಾಗಿ ದತ್ತಸಂಚಯ ಗಟ್ಟಿಯಾಗಿರಬೇಕು, ಎಸ್‌ಕ್ಯೂಎಲ್ ಬಲ್ಲವರು ನಿಮ್ಮಲ್ಲೇ ಇರಬೇಕು. ಇಲ್ಲದಿದ್ದರೆ ಕೈ ಹಾಕಬೇಡಿ.

ಸಮಯ ಓಡುತ್ತಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಅಚ್ಚಿನ ವರದಿ ಬೇಕೇ ಎಂದು ಮೊದಲೇ ತೀರ್ಮಾನಿಸಿ. ನೂರಾರು ಪುಟದ, ಪುಟ ಸಂಖ್ಯೆ ಮತ್ತು ಉಪಮೊತ್ತ ಇರುವ ಪಟ್ಟಿಗಳನ್ನು ಹಳಬರು ಸಲೀಸಾಗಿ ಕೊಡುತ್ತಾರೆ. ಪವರ್ ಬಿಐಗೆ ಅದಕ್ಕೆಂದೇ ಪ್ಯಾಜಿನೇಟೆಡ್ ರಿಪೋರ್ಟ್ ಎಂಬ ಬೇರೆ ಬಗೆ ಇದೆ. ಟ್ಯಾಬ್ಲೋವನ್ನು ಈ ಕೆಲಸಕ್ಕೆ ಎಳೆಯಬೇಡಿ. ದತ್ತಾಂಶ ಎಷ್ಟು ತಾಜಾ ಇರಬೇಕು ಎಂಬುದನ್ನೂ ಕೇಳಿ. ಪವರ್ ಬಿಐನ ಪ್ರೊ ಲೈಸೆನ್ಸಿನಲ್ಲಿ ಆಮದು ಮಾಡಿಕೊಂಡ ದತ್ತಾಂಶಕ್ಕೆ ದಿನಕ್ಕೆ ಎಂಟು ನಿಗದಿತ ನವೀಕರಣ, ಪ್ರೀಮಿಯಂನಲ್ಲಿ ನಲವತ್ತೆಂಟು. ಹೆಚ್ಚಿನವರಿಗೆ ದಿನಕ್ಕೆ ಒಮ್ಮೆ ಸಾಕು. ಲೈಸೆನ್ಸ್ ಲೆಕ್ಕ ಹಾಕುವಾಗ ವರದಿ ಮಾಡುವವರನ್ನಲ್ಲ, ಓದುವವರನ್ನು ಎಣಿಸಿ. ವೆಚ್ಚ ಹಿಗ್ಗುವುದು ಅಲ್ಲಿ. ಒಬ್ಬ ವಲಯಾಧಿಕಾರಿಗೆ ತನ್ನ ವಲಯದ ಸಾಲುಗಳು ಮಾತ್ರ ಕಾಣಬೇಕು ಎಂಬ ನಿಯಮ ಕೂಡ ಸೂತ್ರದ ಪಕ್ಕದಲ್ಲೇ, ಅದೇ ಪದರದಲ್ಲೇ ಇರಲಿ.

ಎಕ್ಸೆಲ್ ಬಗ್ಗೆ ಎರಡು ಮಾತು ಹೇಳದೆ ಮುಗಿಸಲಾರೆ. ಎಂಥ ತಂತ್ರಾಂಶ ತಂದರೂ ಜನ ಎಕ್ಸೆಲ್‌ಗೆ ಇಳಿಸು ಎಂಬ ಗುಂಡಿಯನ್ನೇ ಹುಡುಕುತ್ತಾರೆ. 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ದೈನಂದಿನ ವರದಿಗಳಿಂದ 15,841 ಕೋವಿಡ್ ಪ್ರಕರಣಗಳು ಬಿಟ್ಟುಹೋದವು. ಎಕ್ಸೆಲ್‌ನ ಹಳೆಯ ಕಡತ ಮಾದರಿಯಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಅದರಾಚೆಯದು ಸದ್ದಿಲ್ಲದೆ ಕತ್ತರಿಸಿಹೋಯಿತು. ನಿಷೇಧಿಸಿ ಎಂದು ಹೇಳುತ್ತಿಲ್ಲ. ಪವರ್ ಬಿಐನ ಮಾಡೆಲ್‌ಗೆ ಎಕ್ಸೆಲ್ಲನ್ನು ನೇರವಾಗಿ ಜೋಡಿಸಬಹುದು. ಆಗ ಹಾಳೆ ಅವರದು, ಸೂತ್ರ ನಿಮ್ಮದು. ಬೇರೆ ಕಂಪನಿಯವರನ್ನೂ ಇದರ ಬಗ್ಗೆ ಕೇಳಿ. ಈಗೀಗ ಎಲ್ಲರೂ ತೋರಿಸುವ, ಬಾಯಲ್ಲಿ ಕೇಳಿದರೆ ಉತ್ತರಿಸುವ ಕೃತಕ ಬುದ್ಧಿಮತ್ತೆಗೂ ಇದೇ ಮಾತು. ಸೂತ್ರ ಹತ್ತು ಕಡೆ ಇದ್ದರೆ ಅದು ಹತ್ತರಲ್ಲಿ ಯಾವುದೋ ಒಂದನ್ನು ಹಿಡಿದು ಬಹಳ ಧೈರ್ಯವಾಗಿ ಉತ್ತರ ಹೇಳುತ್ತದೆ.

ಮುಂದಿನ ಪ್ರದರ್ಶನದ ದಿನ ಹೀಗೆ ಮಾಡಿ. ನಿಮ್ಮದೇ ದತ್ತಾಂಶದ ಮೇಲೆ ಐದು ವರದಿ ಮಾಡಿಸಿ. ಎಲ್ಲ ಮುಗಿದು ಅವರು ಲ್ಯಾಪ್‌ಟಾಪ್ ಮುಚ್ಚುವ ಮೊದಲು, "ನಿವ್ವಳ ಮಾರಾಟದ ಮೊತ್ತದಿಂದ ಸಾಗಣೆ ವೆಚ್ಚವನ್ನೂ ಕಳೆಯಬೇಕು, ಈಗಲೇ ಬದಲಿಸಿ" ಎಂದು ಹೇಳಿ. ಅವರು ಎಷ್ಟು ಕಡತ ತೆರೆಯುತ್ತಾರೆ ಎಂದು ಎಣಿಸಿ, ಆ ಸಂಖ್ಯೆಯನ್ನು ಪ್ರಸ್ತಾವದ ಮೊದಲ ಪುಟದ ಮೇಲೆ ಬರೆದಿಡಿ.

ನಮಸ್ಕಾರ.