1914ರ ಆ 37 ದಿನ: ಇತಿಹಾಸದ ಅಸೈನ್‌ಮೆಂಟ್‌ಗೆ ವೆಬ್‌ಸೈಟ್ ಕಟ್ಟೋದು ಹೇಗೆ

ನಮಸ್ಕಾರ. "ಆಧುನಿಕ ಜಗತ್ತಿನ ಇತಿಹಾಸದ ಮೇಲೆ ವೆಬ್‌ಸೈಟ್ ಮಾಡಿ" ಅಂತ ಅಸೈನ್‌ಮೆಂಟ್ ಬಂದ್ರೆ ಫ್ರೆಂಚ್ ಕ್ರಾಂತಿಯಿಂದ ಶೀತಲ ಸಮರದವರೆಗೆ ಎಲ್ಲ ತುಂಬೋಕೆ ಹೋಗ್ಬೇಡಿ. ಒಂದೇ ಘಟನೆ ಹಿಡೀರಿ. ಇವತ್ತು ತಗೊಂಡಿರೋದು 1914ರ ಜುಲೈ ಬಿಕ್ಕಟ್ಟು. ಜೂನ್ 28ಕ್ಕೆ ಸರಾಯೇವೊದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾನ್ಸ್ ಫರ್ಡಿನಾಂಡ್‌ನ ಹತ್ಯೆ, ಆಗಸ್ಟ್ 4ಕ್ಕೆ ಬ್ರಿಟನ್ ಮೊದಲ ಮಹಾಯುದ್ಧಕ್ಕೆ. ನಡುವೆ 37 ದಿನ.

ಕೋಡ್ ಮುಟ್ಟೋ ಮೊದಲು ಸ್ಪ್ರೆಡ್‌ಶೀಟ್ ತೆಗೀರಿ. ಐದು ಕಾಲಂ ಸಾಕು: ದಿನಾಂಕ, ಸ್ಥಳ, ಯಾರು, ಏನಾಯ್ತು, ಆಧಾರ. ಜುಲೈ 23, ಹತ್ಯೆಯ ಹೊಣೆ ಹೊರಿಸಿ ಸರ್ಬಿಯಾಗೆ ಆಸ್ಟ್ರಿಯಾದ 48 ಗಂಟೆಗಳ ಗಡುವು. ಜುಲೈ 28, ಸರ್ಬಿಯಾ ಮೇಲೆ ಆಸ್ಟ್ರಿಯಾದ ಯುದ್ಧ ಘೋಷಣೆ. ಆಧಾರದ ಕಾಲಂ ಖಾಲಿ ಇದ್ರೆ ಆ ಸಾಲು ಸೈಟಿಗೆ ಹೋಗೋ ಹಾಗಿಲ್ಲ.

ದಿನಾಂಕದಲ್ಲೇ ದೊಡ್ಡ ಅಪಾಯ ಇರೋದು. ಸರ್ಬಿಯಾ ಪರ ನಿಂತ ರಷ್ಯಾದಲ್ಲಿ ಆಗ ಹಳೇ ಜೂಲಿಯನ್ ಕ್ಯಾಲೆಂಡರ್, ನಮ್ಮದಕ್ಕಿಂತ 13 ದಿನ ಹಿಂದೆ. ರಷ್ಯಾ ಪೂರ್ತಿ ಸೇನೆ ಜಮಾಯಿಸೋಕೆ ಆದೇಶ ಕೊಟ್ಟಿದ್ದು ಜುಲೈ 30ಕ್ಕೆ, ಅವರ ಲೆಕ್ಕದಲ್ಲಿ ಜುಲೈ 17. ಆ 17ನ್ನೇ ಹಾಗೇ ಹಾಕಿದ್ರೆ ಆಸ್ಟ್ರಿಯಾದ ಗಡುವಿಗಿಂತ ಮೊದಲೇ ರಷ್ಯಾ ಯುದ್ಧಕ್ಕೆ ಸಜ್ಜಾದಂಗೆ ಕಾಣುತ್ತೆ. ಯಾರು ಶುರು ಮಾಡಿದ್ರು ಅನ್ನೋ ಉತ್ತರವೇ ಉಲ್ಟಾ ಆಗೋಯ್ತು!

ವೆಬ್‌ಪುಟಕ್ಕೆ ಕೋಡ್ ಬರೆಯೋ ಜಾವಾಸ್ಕ್ರಿಪ್ಟ್‌ನಲ್ಲೂ ಇಂಥದ್ದೇ ಒಂದಿದೆ. ಡೇಟ್‌ಗೆ ವರ್ಷ, ತಿಂಗಳು, ದಿನ ಅಂತ ಅಂಕಿ ಕೊಟ್ರೆ ಅದು ತಿಂಗಳನ್ನ ಸೊನ್ನೆಯಿಂದ ಎಣಿಸುತ್ತೆ. 7 ಅಂತ ಕೊಟ್ರೆ ಜುಲೈ ಅಲ್ಲ, ಆಗಸ್ಟ್. ಅದಕ್ಕೇ ದಿನಾಂಕವನ್ನ 1914-07-28 ಅಂತ ಬರೀ ಪಠ್ಯವಾಗಿ ಇಟ್ಕೊಳ್ಳಿ. ಹಾಗೇ ಸಾರ್ಟ್ ಮಾಡಿದ್ರೂ ಸರಿಯಾದ ಕ್ರಮದಲ್ಲೇ ಬರುತ್ತೆ.

ಈಗ ಚಿತ್ರಗಳು. ಪೊಲೀಸರು ಒಬ್ಬನನ್ನ ಎಳ್ಕೊಂಡು ಹೋಗ್ತಿರೋ ಒಂದು ಫೋಟೋ ಇದೆ. "ಹಂತಕ ಗಾವ್ರಿಲೊ ಪ್ರಿನ್ಸಿಪ್ ಬಂಧನ" ಅಂತ ಎಲ್ಲ ಕಡೆ ಓಡಾಡುತ್ತೆ. ಆದ್ರೆ ಅದರಲ್ಲಿರೋದು ಫರ್ಡಿನಾಂಡ್ ಬೆಹ್ರ್, ಆ ಗಲಾಟೆಯಲ್ಲಿ ಸಿಕ್ಕಿಬಿದ್ದವನು ಅಂತ ಇತಿಹಾಸಕಾರರು ಗುರುತಿಸಿದಾರೆ. ಉಚಿತ ಚಿತ್ರಗಳ ಸಂಗ್ರಹವಾದ ವಿಕಿಮೀಡಿಯಾ ಕಾಮನ್ಸ್‌ನಿಂದ ತಗೊಳ್ಳೋವಾಗ ಲೈಸೆನ್ಸ್ ಜೊತೆಗೆ ವಿವರಣೆಯನ್ನೂ ಪೂರ್ತಿ ಓದಿ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಅನ್ನೋ ಹಗುರ ಫಾರ್ಮ್ಯಾಟ್‌ಗೆ ಬದಲಿಸಿ.

ನಕ್ಷೆಗೆ ಇವತ್ತಿನ ಗೂಗಲ್ ಮ್ಯಾಪ್ ಬೇಡವೇ ಬೇಡ. 1914ರಲ್ಲಿ ಪೋಲೆಂಡ್ ಅನ್ನೋ ಸ್ವತಂತ್ರ ದೇಶ ಇರ್ಲಿಲ್ಲ, ಸರಾಯೇವೊ ಆಸ್ಟ್ರಿಯಾ-ಹಂಗೇರಿ ಒಳಗಿತ್ತು. ಆ ಕಾಲದ ಗಡಿ ಇರೋ ನಕ್ಷೆಯೇ ಬೇಕು.

ಅದೇ ಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ಕ್ಕೆ ಈಗಿನ ಇಸ್ರೇಲ್‌ನಲ್ಲಿರೋ ಹೈಫಾ ಗೆದ್ದ ಕಾಳಗದಲ್ಲಿ ಜೋಧ್‌ಪುರದವರ ಜೊತೆ ನಮ್ಮ ಮೈಸೂರು ಲ್ಯಾನ್ಸರ್ಸ್ ಅಶ್ವದಳದವರು ಇದ್ರು. ಹಾಕ್ಬೇಕು ಅನ್ಸೋದು ಸಹಜ, ಹಾಕಿ ಕೂಡ. ಆದ್ರೆ "ಮುಂದೇನಾಯ್ತು" ಅನ್ನೋ ಬೇರೆ ಪುಟದಲ್ಲಿ.

ಕನ್ನಡ ಪಠ್ಯ ಯುನಿಕೋಡ್‌ನಲ್ಲೇ ಇರ್ಲಿ. ಹಳೇ ನುಡಿ ಫೈಲಿಂದ ನೇರ ಪೇಸ್ಟ್ ಮಾಡಿದ್ರೆ ಬ್ರೌಸರ್‌ನಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತೆ, ಮೊದಲು ಕನ್ವರ್ಟ್ ಮಾಡಿ. ಸಾಲಿನ ಅಂತರ 1.7 ಇಡಿ, ಒತ್ತಕ್ಷರ ಕೆಳಗಿನ ಸಾಲಿಗೆ ತಾಗಲ್ಲ.

ಅಪ್‌ಲೋಡ್‌ಗೆ ಗಿಟ್‌ಹಬ್ ಪೇಜಸ್ ಉಚಿತ. ಫೈಲ್ ಹೆಸರೆಲ್ಲ ಇಂಗ್ಲಿಷಿನ ಸಣ್ಣಕ್ಷರದಲ್ಲೇ ಇರ್ಲಿ. ವಿಂಡೋಸ್‌ನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ ಆದ್ದರಿಂದ ಲ್ಯಾಪ್‌ಟಾಪ್‌ನಲ್ಲಿ ಚಿತ್ರ ಕಾಣುತ್ತೆ, ಗಿಟ್‌ಹಬ್‌ಗೆ ಹಾಕಿದ ಮೇಲೆ ಕಾಣಲ್ಲ. ಸಬ್ಮಿಟ್ ಮಾಡೋ ಮೊದಲು ಬೇರೆಯವರ ಮೊಬೈಲ್‌ನಲ್ಲಿ ಲಿಂಕ್ ತೆಗೆದು ಒಂದೊಂದೇ ಪುಟ ನೋಡ್ಕೊಳ್ಳಿ.